ರಾತ್ರಿಯ ಮಾತ್ರೆ ಬಿಡಬೇಡಿ

ಪತ್ರ: ನನಗೆ 50 ವರ್ಷ. ಮುಟ್ಟು ನಿಂತು ವರ್ಷ ದಾಟಿತು. ರಾತ್ರಿ ಮೈ ಬಿಸಿಯೇರಿ, ಬೆವರಿ ಎಚ್ಚರವಾಗುತ್ತಿತ್ತು. ಡಾಕ್ಟರು ಈಸ್ಟ್ರೊಜೆನ್ ಜೆಲ್, ಜೊತೆಗೆ ರಾತ್ರಿಗೊಂದು ಪ್ರೊಜೆಸ್ಟರಾನ್ ಮಾತ್ರೆ ಕೊಟ್ಟರು. ಈಗ ನಿದ್ದೆ ಬರುತ್ತಿದೆ. ಆದರೆ ಮಾತ್ರೆ ನುಂಗಿದರೆ ತಲೆ ತೂಗಿದ ಹಾಗಾಗುತ್ತದೆ. ಅದನ್ನು ಬಿಟ್ಟು ಜೆಲ್ ಮಾತ್ರ ಹಚ್ಚಿಕೊಳ್ಳಲೇ? ನನ್ನ ಅಕ್ಕ ‘ಎರಡನ್ನೂ ಬಿಡು, ಕ್ಯಾನ್ಸರ್ ಬರುತ್ತೆ’ ಅನ್ನುತ್ತಾಳೆ.
– ಓದುಗರು, ಸಾಗರ

ಉತ್ತರ: ಬಿಡಬೇಡಿ. ಗರ್ಭಕೋಶ ಇರುವವರಿಗೆ ಆ ಮಾತ್ರೆಯೇ ಕಾವಲು. ಈಸ್ಟ್ರೊಜೆನ್ ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ. ಅದೊಂದನ್ನೇ ಬಹಳ ಕಾಲ ತೆಗೆದುಕೊಂಡರೆ ಪದರ ದಪ್ಪವಾಗುತ್ತಾ ಹೋಗಿ, ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ. ಪ್ರೊಜೆಸ್ಟರಾನ್ ಆ ಬೆಳವಣಿಗೆಗೆ ತಡೆ ಹಾಕುತ್ತದೆ. ಅಮೆರಿಕದ ಹೆಂಗಸರು ಇದನ್ನು ಪೆಟ್ಟು ತಿಂದು ಕಲಿತರು. 1960ರ ದಶಕದಲ್ಲಿ ಅಲ್ಲಿ ಈಸ್ಟ್ರೊಜೆನ್ ಒಂದನ್ನೇ ಯೌವನ ಉಳಿಸುವ ಮದ್ದಿನ ಹಾಗೆ ಕೊಟ್ಟರು. ಹಾಗೆ ತೆಗೆದುಕೊಂಡವರಲ್ಲಿ ಗರ್ಭಕೋಶದ ಕ್ಯಾನ್ಸರ್ ಹಲವು ಪಟ್ಟು ಜಾಸ್ತಿ ಎಂದು 1975ರಲ್ಲಿ ವೈದ್ಯರು ಬರೆದರು. ಎರಡನ್ನೂ ಜೊತೆಗೆ ಕೊಡುವ ರೂಢಿ ಬಲವಾದದ್ದು ಆಮೇಲೆಯೇ.

ಡಾಕ್ಟರು ರಾತ್ರಿಗೆ ಅಂತ ಹೇಳಿದ್ದು ಸುಮ್ನೆ ಅಲ್ಲ. ಈ ಹಾರ್ಮೋನು ನಿದ್ದೆ ತರಿಸುತ್ತದೆ. ಮಾತ್ರೆ ನುಂಗಿ ಆಮೇಲೆ ಪಾತ್ರೆ ತೊಳೆದು, ಹಾಲಿಗೆ ಹೆಪ್ಪು ಹಾಕಿ, ಬಾಗಿಲು ಭದ್ರ ಮಾಡುತ್ತಾ ಓಡಾಡಿದರೆ ತಲೆ ತೂಗದೆ ಇರುತ್ತದೆಯೇ? ಎಲ್ಲ ಮುಗಿಸಿ, ಹಾಸಿಗೆ ಹಾಸಿಕೊಂಡ ಮೇಲೆ ನುಂಗಿ ನೋಡಿ. ಆಗಲೂ ಒಗ್ಗದಿದ್ದರೆ ಡಾಕ್ಟರಿಗೆ ಹೇಳಿ. ಮಾತ್ರೆಯ ಬಗೆ ಬದಲಿಸಬಹುದು. ಗರ್ಭಕೋಶದೊಳಗೇ ಹಾರ್ಮೋನು ಬಿಡುವ ಸಾಧನ ಇಡುವ ದಾರಿಯೂ ಇದೆ. ನೀವಾಗಿಯೇ ಅರ್ಧ ಔಷಧಿ ನಿಲ್ಲಿಸಬಾರದು, ಅಷ್ಟೇ. ನಿಲ್ಲಿಸುವ ಮೊದಲು ಕೇಳಿದಿರಲ್ಲ, ಬಹಳ ಒಳ್ಳೆಯದು ಮಾಡಿದಿರಿ.

ಇನ್ನು ನಿಮ್ಮ ಅಕ್ಕನ ಮಾತು. ಅವರ ಭಯ ಪೂರ್ತಿ ಸುಳ್ಳಲ್ಲ. ಸ್ತನ ಕ್ಯಾನ್ಸರ್ ಆಗಿದ್ದವರು, ರಕ್ತ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಆಗಿದ್ದವರು, ಯಕೃತ್ತಿನ ಕಾಯಿಲೆ ಇರುವವರಿಗೆ ಈ ಚಿಕಿತ್ಸೆ ಸಾಮಾನ್ಯವಾಗಿ ಕೊಡುವುದಿಲ್ಲ. ಆದರೆ ಈ ಭಯ ಊರೂರಿಗೂ ಹರಡಿದ್ದು ಹೇಗೆ ಅಂತ ಅವರಿಗೂ ಗೊತ್ತಾಗಬೇಕು.

2002ರ ಜುಲೈಯಲ್ಲಿ ಅಮೆರಿಕದ ಒಂದು ದೊಡ್ಡ ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. 16,608 ಹೆಂಗಸರಿದ್ದ ಪ್ರಯೋಗ ಅದು. ಎರಡೂ ಹಾರ್ಮೋನು ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಜಾಸ್ತಿ ಎಂದು ಜಗತ್ತಿನ ಪತ್ರಿಕೆಗಳೆಲ್ಲ ಮುಖಪುಟದಲ್ಲಿ ಹಾಕಿದವು. ಎಷ್ಟು ಜಾಸ್ತಿ? ವರ್ಷಕ್ಕೆ 10,000 ಹೆಂಗಸರಲ್ಲಿ 30 ಇದ್ದದ್ದು 38 ಆಗಿತ್ತು. ಆ 8 ಜನರೂ ಮನುಷ್ಯರೇ, ಹಗುರ ಮಾಡುತ್ತಿಲ್ಲ. ಆದರೆ ಪ್ರಯೋಗದಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63. ಆಗತಾನೇ ಮುಟ್ಟು ನಿಂತವರು ಅದರಲ್ಲಿ ಕಡಿಮೆ. ಕೊಟ್ಟ ಈಸ್ಟ್ರೊಜೆನ್ ಬಸುರಿ ಕುದುರೆಗಳ ಮೂತ್ರದಿಂದ ತೆಗೆದದ್ದು, ಬಾಯಲ್ಲಿ ನುಂಗುವಂಥದ್ದು. ಜೊತೆಗಿದ್ದದ್ದು ಪ್ರೊಜೆಸ್ಟರಾನ್ ಅಲ್ಲ, ಅದನ್ನು ಹೋಲುವ ಕೃತಕ ಔಷಧಿ. ಚರ್ಮಕ್ಕೆ ಹಚ್ಚುವ ಜೆಲ್ ನೇರ ರಕ್ತಕ್ಕೆ ಸೇರುತ್ತದೆ, ಮೊದಲು ಯಕೃತ್ತಿಗೆ ಹೋಗುವುದಿಲ್ಲ. ಹಾಗಾಗಿ ರಕ್ತ ಹೆಪ್ಪುಗಟ್ಟುವ ಭಯ ಈಸ್ಟ್ರೊಜೆನ್ ಮಾತ್ರೆಗಿಂತ ಕಡಿಮೆ. 60ರ ಒಳಗೆ, ಅಥವಾ ಮುಟ್ಟು ನಿಂತು 10 ವರ್ಷದೊಳಗೆ ಶುರು ಮಾಡಿದರೆ ಹೆಚ್ಚಿನವರಿಗೆ ಲಾಭವೇ ಜಾಸ್ತಿ ಎನ್ನುವುದು ಇವತ್ತಿನ ವೈದ್ಯರ ಮಾತು. ಈ ವಿವರಗಳು ಯಾವ ಮುಖಪುಟದಲ್ಲೂ ದಪ್ಪ ಅಕ್ಷರದಲ್ಲಿ ಬರಲಿಲ್ಲ. 2025ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಔಷಧಿಗಳ ಮೇಲೆ ಗಂಭೀರ ಅಪಾಯ ತಿಳಿಸಲು ಹಾಕಿದ್ದ ಕಪ್ಪು ಚೌಕಟ್ಟಿನ ಎಚ್ಚರಿಕೆಗಳನ್ನು ತೆಗೆಯುವುದಾಗಿ ಹೇಳಿತು. ಉಳಿಸಿಕೊಂಡದ್ದು ಒಂದೇ: ಈಸ್ಟ್ರೊಜೆನ್ ಮಾತ್ರ ತೆಗೆದುಕೊಂಡರೆ ಗರ್ಭಕೋಶದ ಕ್ಯಾನ್ಸರ್ ಬರಬಹುದು ಎಂಬ ಎಚ್ಚರಿಕೆ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ಬೇಕೇ?

ನಡುವಿನ ಆ ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಎಷ್ಟು ಹೆಂಗಸರು ಸುಮ್ಮನೆ ಸಹಿಸಿಕೊಂಡರು! ನಮ್ಮ ಕಚೇರಿಯಲ್ಲಿ ಕರಡು ತಿದ್ದುತ್ತಿದ್ದ ಹಿರಿಯರೊಬ್ಬರಿದ್ದರು. ಡಿಸೆಂಬರಿನ ಚಳಿಯಲ್ಲಿ ನಾವೆಲ್ಲ ಸ್ವೆಟರ್ ಹಾಕಿಕೊಂಡಿದ್ದರೆ, ಅವರು ಸೆರಗಿನಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತಾ ಕಿಟಕಿ ಹತ್ತಿರ ನಿಲ್ಲುತ್ತಿದ್ದರು. ಎದೆ ಡವಡವ ಅಂತ ಹೃದಯದ ಡಾಕ್ಟರ ಹತ್ತಿರ ಹೋದರು. ಇಸಿಜಿ ಸರಿಯಾಗಿತ್ತು. ‘ಟೆನ್ಷನ್ ಮಾಡ್ಕೋಬೇಡಿ’ ಎಂದು ಕಳಿಸಿದರು. ಕೊನೆಗೆ ನಿದ್ದೆಯಿಲ್ಲದೆ ಕೆಲಸವನ್ನೇ ಬಿಟ್ಟರು. ಮುಟ್ಟು ಸರಿಯಾಗಿ ಆಗುತ್ತಿದೆಯೇ ಎಂಬ ಒಂದು ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ.

ನನ್ನ ಸಿಟ್ಟು ಇಲ್ಲಿಗೇ ನಿಲ್ಲುವುದಿಲ್ಲ. ಹಾರ್ಮೋನು ಎಂದರೆ ಬೆಚ್ಚಿಬೀಳುವ ನಾವು ಗರ್ಭಕೋಶ ತೆಗೆಸಲು ಹಿಂದೆಮುಂದೆ ನೋಡುವುದಿಲ್ಲ. ‘ಮಕ್ಕಳಾದವಲ್ಲ, ಇನ್ಯಾಕೆ ಅದು?’ ಎಂಬ ಮಾತು ಮನೆಯಲ್ಲೂ ಆಸ್ಪತ್ರೆಯಲ್ಲೂ ಕೇಳುತ್ತದೆ. ಕಲಬುರಗಿಯ ತಾಂಡಾಗಳ ಹೆಂಗಸರಿಗೆ ಬೇಕಿಲ್ಲದೆ ಈ ಆಪರೇಷನ್ ಮಾಡಿದ್ದು ದೊಡ್ಡ ಸುದ್ದಿಯಾಗಿತ್ತು. ಹೀಗೆ ಅನಗತ್ಯವಾಗಿ ತೆಗೆಯುವುದನ್ನು ತಡೆಯಿರಿ ಎಂದು 2023ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಬೇಕಾಯಿತು. ಗರ್ಭಕೋಶದ ಜೊತೆ, ಈಸ್ಟ್ರೊಜೆನ್ ತಯಾರಿಸುವ ಎರಡೂ ಅಂಡಾಶಯ ತೆಗೆದರೆ 35ರ ಹೆಂಗಸಿಗೆ ಒಂದೇ ದಿನದಲ್ಲಿ ಈಸ್ಟ್ರೊಜೆನ್ ಕುಸಿಯುತ್ತದೆ. ಮೂಳೆ ಬೇಗ ಸವೆಯುತ್ತದೆ, ಹೃದಯಕ್ಕೂ ತೊಂದರೆ ಹೆಚ್ಚುತ್ತದೆ. ಬೇರೆ ಅಡ್ಡಿ ಇಲ್ಲದಿದ್ದರೆ ಅಂಥವರಿಗೆ, ಮುಟ್ಟು ಸಹಜವಾಗಿ ನಿಲ್ಲುವ ವಯಸ್ಸಿನವರೆಗಾದರೂ ಈಸ್ಟ್ರೊಜೆನ್ ಕೊಡಬೇಕು. ಗರ್ಭಕೋಶವೇ ಇಲ್ಲದ್ದರಿಂದ ಸಾಮಾನ್ಯವಾಗಿ ಪ್ರೊಜೆಸ್ಟರಾನ್ ಕೂಡ ಬೇಕಾಗುವುದಿಲ್ಲ. ಆದರೆ ಹೊಲದಲ್ಲಿ ಕಳೆ ಕೀಳುವ ಆ ಹೆಣ್ಣುಮಗಳಿಗೆ ಇದನ್ನು ಹೇಳುವವರು ಯಾರು? ಎಷ್ಟೋ ಜನರಿಗೆ ತಮ್ಮ ಅಂಡಾಶಯ ಒಳಗಿದೆಯೋ ಇಲ್ಲವೋ ಎಂಬುದೇ ಗೊತ್ತಿಲ್ಲ. ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿರುತ್ತದೆ. ಏನು ತೆಗೆದರು, ಏನು ಉಳಿಸಿದರು, ಮುಂದೆ ಯಾವ ಹಾರ್ಮೋನು ಬೇಕು ಎಂದು ಆ ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಡಿ ಎಂದು ಸರ್ಕಾರ ಒಂದು ಆದೇಶ ಹೊರಡಿಸಲಿ. ನಿಮ್ಮ ಅಕ್ಕನಿಗೂ ಅಂಥ ಆಪರೇಷನ್ ಆಗಿದ್ದರೆ, ಹಳೆಯ ಚೀಟಿ ಹುಡುಕಿ, ಈ ಸಲ ಡಾಕ್ಟರ ಹತ್ತಿರ ಹೋಗುವಾಗ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.