ಬಾಣಲೆ ಬೆಂಕಿಗೆ ಯಾವ ಸಿಲಿಂಡರ್?

ಪ್ರಶ್ನೆ: ಸರ್, ದಾವಣಗೆರೇಲಿ ನಮ್ದೊಂದು ಮಿರ್ಚಿ-ಮಂಡಕ್ಕಿ ಅಂಗಡಿ ಇದೆ. ಹೋದ ತಿಂಗ್ಳು ಬಾಣಲೆ ಎಣ್ಣೆಗೆ ಬೆಂಕಿ ಹತ್ಕೊಂಡು ನಮ್ ಹುಡುಗ ಗಾಬರೀಲಿ ನೀರಿನ ಚೊಂಬು ತಗೊಂಡ್ಬಿಟ್ಟಿದ್ದ, ನಾನು ಕೈ ಹಿಡ್ಕೊಂಡೆ. ಒಲೆ ಹಿಂದಿನ ಗೋಡೇಲಿ ಬೆಂಕಿ ಆರಿಸೋ ಎಬಿಸಿ ಪೌಡರ್ ಸಿಲಿಂಡರ್ ಇದೆ, ಎಲ್ಲಾ ಬೆಂಕಿಗೂ ಆಗತ್ತೆ ಅಂತ ಮಾರಿದವ್ರು ಹೇಳಿದ್ರು. ನಿಜಾನಾ?

ಉತ್ತರ: ಕೈ ಹಿಡ್ಕೊಂಡ್ರಲ್ಲ, ಅದು ತುಂಬಾ ಒಳ್ಳೇದಾಯ್ತು. ನೀರು ಎಣ್ಣೆಗಿಂತ ಭಾರ, ತಳಕ್ಕಿಳಿದು ಥಟ್ಟಂತ ಹಬೆಯಾಗಿ ಸುಮಾರು 1,700 ಪಟ್ಟು ಹಿಗ್ಗತ್ತೆ, ಉರಿಯೋ ಎಣ್ಣೇನೆಲ್ಲ ಎತ್ತಿ ಮುಖಕ್ಕೆ, ಚಾವಣಿಗೆ ಎರಚಿಬಿಡತ್ತೆ.

ಎಲ್ಲಾ ಬೆಂಕಿಗೂ ಆಗತ್ತೆ ಅನ್ನೋದು ತಪ್ಪು. ಎ ಅಂದ್ರೆ ಕಟ್ಟಿಗೆ, ಕಾಗದ, ಬಟ್ಟೆ, ಬಿ ಅಂದ್ರೆ ಪೆಟ್ರೋಲ್, ಸೀಮೆಎಣ್ಣೆ, ಸಿ ಅಂದ್ರೆ ಗ್ಯಾಸ್. ಕರಿಯೋ ಎಣ್ಣೇದೇ ಬೇರೆ ಕ್ಲಾಸು, ಎಫ್ ಅಂತಾರೆ, ಅಮೆರಿಕದಲ್ಲಿ ಕೆ. ಯಾಕೆ ಬೇರೆ ಅಂದ್ರೆ ಪೌಡರ್ ಹೊಡೆದ್ರೆ ಉರಿ ಆರಬಹುದು ಆದ್ರೆ ಎಣ್ಣೆ ತಣ್ಣಗಾಗಲ್ಲ, ಅಷ್ಟು ಕಾದ ಎಣ್ಣೆ ತಾನಾಗೇ ಮತ್ತೆ ಹೊತ್ಕೊಳತ್ತೆ, ಮೇಲಿಂದ ಆ ರಭಸಕ್ಕೆ ಎಣ್ಣೆ ಸಿಡಿಯೋ ಭಯಾನೂ ಇದೆ. ನಿಮಗೆ ಬೇಕಾಗಿರೋದು ವೆಟ್ ಕೆಮಿಕಲ್ ಸಿಲಿಂಡರ್. ಅದರಲ್ಲಿರೋ ಪೊಟ್ಯಾಸಿಯಂ ಲವಣದ ದ್ರಾವಣ ಬಿಸಿ ಎಣ್ಣೆ ಜೊತೆ ಸೇರಿ ಸೋಪಿನ ನೊರೆ ಥರ ಕೆನೆ ಕಟ್ಟಿ ಗಾಳಿ ತಡೆಯತ್ತೆ, ತಂಪೂ ಮಾಡತ್ತೆ. ಐಎಸ್ಐ ಗುರುತು, ಎಫ್ ಅಕ್ಷರ ಎರಡೂ ನೋಡಿ ತಗೊಳ್ಳಿ.

ಅದು ಬರೋ ತನಕ ಬಾಣಲೆ ಪೂರ್ತಿ ಮುಚ್ಚೋ ಅಂಥ ಸ್ಟೀಲ್ ಮುಚ್ಚಳ ಕೈಗೆ ಸಿಗೋ ಹಾಗೆ ಇಡಿ. ಗ್ಯಾಸ್ ಆಫ್ ಮಾಡಿ, ಮುಚ್ಚಳನ ಪಕ್ಕದಿಂದ ಜಾರಿಸಿ ಮುಚ್ಚಿ, ಪೂರ್ತಿ ಆರೋ ತನಕ ತೆಗೀಬೇಡಿ, ಉರಿಯೋ ಬಾಣಲೆನ ಎತ್ಕೊಂಡು ಹೊರಗಂತೂ ಓಡಲೇಬೇಡಿ. ಮುಚ್ಚಕ್ಕೆ ಆಗ್ದಷ್ಟು ಉರಿ ಇದ್ರೆ ಎಲ್ರನ್ನೂ ಹೊರಗೆ ಕಳಿಸಿ 101ಕ್ಕೋ 112ಕ್ಕೋ ಫೋನ್ ಮಾಡಿ.

ಎಬಿಸಿ ಸಿಲಿಂಡರ್ ಎಸೀಬೇಡಿ, ಮಂಡಕ್ಕಿ ಚೀಲಕ್ಕೆ, ಪೇಪರ್ ಕಟ್ಟಿಗೆ ಬೆಂಕಿ ಬಿದ್ರೆ ಅದೇ ಬೇಕು. ಅದರ ಮೇಲಿರೋ ಒತ್ತಡದ ಮೀಟರಿನ ಮುಳ್ಳು ಹಸಿರು ಪಟ್ಟೀಲಿದ್ಯಾ ಅಂತ ಆಗಾಗ ನೋಡ್ತಿರಿ. ಸ್ವಿಚ್ ಬೋರ್ಡಿಗಾದ್ರೆ ಮೊದಲು ಮೇನ್ ಆಫ್, ಆಮೇಲೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಒಳ್ಳೇದು, ಪೌಡರ್ ಚೆಲ್ಲಾಡಿ ವಯರಿಂಗ್ ಕೆಡಿಸಲ್ಲ.

ಇನ್ನೊಂದು, ಸಿಲಿಂಡರ್‌ನ ಒಲೆ ಹಿಂದಿನ ಗೋಡೆಯಿಂದ ಇವತ್ತೇ ಬಿಚ್ಚಿ ಬಾಗಿಲ ಹತ್ರ ಹಾಕಿ. ಈಗಿರೋ ಜಾಗದಲ್ಲಿ ಅದನ್ನ ತಗೋಬೇಕಂದ್ರೆ ನಿಮ್ಮ ಹುಡುಗ ಉರಿ ದಾಟಿ ಕೈ ಚಾಚಬೇಕಾಗತ್ತೆ.