ಆಪ್ತಸಲಹೆ ಪ್ರಕರಣ: ಪುಸ್ತಕದಲ್ಲಿಲ್ಲದ ಕೂಲಿ

(ಗುರುತು ಸಿಗಬಹುದಾದ ವಿವರಗಳನ್ನು ಬದಲಾಯಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆಯೂ ಆಕೆಯ ತಾಯಿಯ ಒಪ್ಪಿಗೆಯೂ ಇದೆ.)

ವೈದ್ಯರು ಕೊಟ್ಟ ಚೀಟಿಯಲ್ಲಿ ಇಸಿಜಿ ಸರಿಯಿದೆ, ಥೈರಾಯ್ಡ್ ಸರಿಯಿದೆ, ಆಪ್ತಸಲಹೆ ಬೇಕು ಎಂದಿತ್ತು. ನಲವತ್ತು ದಾಟಿದ ಮಹಿಳೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಿಂದ ಬಸ್ಸಿನಲ್ಲಿ ಒಂದು ತಾಸಿನ ದೂರದ ಊರಿನಲ್ಲಿ ನಾಲ್ಕು ಕೈಮಗ್ಗ ಇಟ್ಟುಕೊಂಡು ರೇಷ್ಮೆಯ ಕುಶನ್ ಕವರ್, ಪರದೆ, ಟೇಬಲ್ ರನ್ನರ್, ಮಂಚದ ಮೇಲುಹಾಸು ನೇಯಿಸಿ ಮಾರುತ್ತಾರೆ. ಬಣ್ಣವೆಲ್ಲ ಅರಗು, ಮಂಜಿಷ್ಠ, ದಾಳಿಂಬೆ ಸಿಪ್ಪೆ, ಚೆಂಡುಹೂವು, ನೀಲಿಗಿಡದಂಥವುಗಳದ್ದು. ಮೊಬೈಲ್ ಸದ್ದಾದರೆ ಎದೆ ಹೊಡೆದುಕೊಳ್ಳುತ್ತದೆ, ರಾತ್ರಿ ನಿದ್ದೆಯಿಲ್ಲ, ಮಗಳ ಮೇಲೆ ವಿನಾಕಾರಣ ರೇಗುತ್ತೇನೆ ಎಂಬುದು ದೂರು. ಕುಳಿತ ಸ್ವಲ್ಪ ಹೊತ್ತಿಗೇ ಹೇಳಿದರು: “ನನಗೆ ವ್ಯಾಪಾರ ಮಾಡುವ ಯೋಗ್ಯತೆ ಇಲ್ಲ ಎಂದು ನೀವೊಂದು ಮಾತು ಹೇಳಿಬಿಡಿ ಮೇಡಂ. ಮುಚ್ಚಿಬಿಡುತ್ತೇನೆ.”

ಅಂಥ ತೀರ್ಪು ಕೊಡುವ ಅಧಿಕಾರ ನನಗಿಲ್ಲ ಎಂದೆ. ‘ಮುಚ್ಚಿಬಿಡುತ್ತೇನೆ’ ಎಂಬ ಧಾಟಿಯ ಮಾತು ಬಂದಾಗ ಬದುಕೇ ಸಾಕೆನಿಸಿದೆಯೇ ಎಂದು ನೇರವಾಗಿ ಕೇಳುವುದು ನನ್ನ ರೂಢಿ. ಕೇಳಿದೆ. ಇಲ್ಲ, ಮಗ್ಗ ಮಾತ್ರ ಸಾಕೆನಿಸಿದೆ ಎಂದರು. ಆದರೂ ರಾತ್ರಿ ಹೊತ್ತು ಸಂಕಟ ಹೆಚ್ಚಾದರೆ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ ಎಂದು ಬರೆದುಕೊಟ್ಟೆ. ಮುಂದಿನ ಸಲ ಬರುವಾಗ ಲೆಕ್ಕದ ಪುಸ್ತಕ ತನ್ನಿ ಎಂದಾಗ ಆಕೆಗೆ ಆಶ್ಚರ್ಯವಾಯಿತು. ಆತ್ಮವಿಶ್ವಾಸವಿಲ್ಲ ಎಂದು ಬರುವ ಸಣ್ಣ ಉದ್ಯಮದವರ ಪುಸ್ತಕವನ್ನು ನಾನು ನೋಡದೆ ಬಿಡುವುದಿಲ್ಲ. ಧೈರ್ಯ ತಂದುಕೊಳ್ಳಿ ಎನ್ನುವುದು ಸುಲಭ. ಗೂಡಿನ ದರ ಏರಿದ ವಾರ ಧೈರ್ಯ ಕೊಟ್ಟು ನೂಲು ತರಲಾಗುವುದಿಲ್ಲ.

ಪುಸ್ತಕ ಅಚ್ಚುಕಟ್ಟಾಗಿತ್ತು. ನೂಲು, ನೇಕಾರರ ಕೂಲಿ, ಪಟಿಕ, ಸೌದೆ, ಹೊಲಿಗೆ, ಕೊರಿಯರ್, ಎಲ್ಲಕ್ಕೂ ಗೆರೆ ಎಳೆದ ಕಾಲಂ. ರೇಷ್ಮೆಯ ಗಂಧವೇ ಇಲ್ಲದವಳಿಗೆ ಹೇಳುವಂತೆ ಒಂದೊಂದು ಸಾಲನ್ನೂ ವಿವರಿಸಿ ಎಂದೆ. 16 ಅಂಗುಲದ ಒಂದು ಕುಶನ್ ಕವರಿಗೆ ನೂಲು 45 ಗ್ರಾಂ, ಕಿಲೋಗೆ 5000 ರೂಪಾಯಿಯಂತೆ 225 ರೂಪಾಯಿ ಎಂದು ಓದಿ, ಅಲ್ಲೇ ತಡೆದರು. ಈ 45 ಗ್ರಾಂ ಬೇಯಿಸಿದ ಮೇಲಿನ ತೂಕ. ಕಚ್ಚಾ ನೂಲಿನ ಮೈಗೆ ಅಂಟು ಇರುತ್ತದೆ. ಸೋಪು, ಸೋಡಾ ಹಾಕಿದ ಬಿಸಿನೀರಿನಲ್ಲಿ ಬೇಯಿಸಿ ಆ ಅಂಟನ್ನು ತೆಗೆದರೆ ಮಾತ್ರ ರೇಷ್ಮೆಗೆ ಮೆದುತನವೂ ಹೊಳಪೂ ಬರುತ್ತವೆ. ತೂಕ ಮಾತ್ರ ಹೆಚ್ಚುಕಡಿಮೆ ಕಾಲುಭಾಗ ಇಳಿಯುತ್ತದೆ. 45 ಗ್ರಾಂ ಸಿಗಬೇಕಾದರೆ ಕೊಳ್ಳಬೇಕಾದದ್ದು 60 ಗ್ರಾಂ. ಅಂದರೆ 300 ರೂಪಾಯಿ. ಬೇಯಿಸುವ ಹಂಡೆಯ ಮುಂದೆ ಆಕೆಗೆ ಇದು ಚೆನ್ನಾಗಿ ಗೊತ್ತು. ಪುಸ್ತಕದಲ್ಲಿ ಮಾತ್ರ, ಬಣ್ಣ ಹಾಕಿದ ನೂಲನ್ನೇ ಕೊಂಡು ತರುತ್ತಿದ್ದ ಮೊದಲ ವರ್ಷದ ಲೆಕ್ಕವೇ ಮುಂದುವರಿದಿತ್ತು. ಒಂದು ಕವರಿಗೆ 75 ರೂಪಾಯಿ. ನಗರದ ಅಂಗಡಿಯೊಂದಕ್ಕೆ ಕಳುಹಿಸಿದ್ದ 200 ಕವರಿಗೆ 15,000 ರೂಪಾಯಿ. ಆಕೆ ಅಡವಿಟ್ಟಿದ್ದ ಬಳೆಗಳ ಬಡ್ಡಿ ಎಲ್ಲಿಂದ ಹುಟ್ಟುತ್ತಿತ್ತು ಎಂಬುದಕ್ಕೆ ಅರ್ಧ ಉತ್ತರ ಅಲ್ಲಿತ್ತು.

ಉಳಿದರ್ಧ ಸಿಕ್ಕಿದ್ದು ಪುಸ್ತಕದಲ್ಲಿ ಇಲ್ಲದ ಸಾಲಿನಿಂದ. ಬೇಯಿಸುವವರ, ಬಣ್ಣ ಹಾಕುವವರ ಕೂಲಿ ಎಲ್ಲೂ ಇರಲಿಲ್ಲ. ಯಾರು ಮಾಡುತ್ತಾರೆ ಎಂದು ಕೇಳಿದೆ.

“ನಾನೇ. ರಾತ್ರಿ ಊಟವಾದ ಮೇಲೆ.”

“ಸಹಾಯಕ್ಕೆ ಯಾರೂ ಸಿಗುವುದಿಲ್ಲವೇ?”

“ಸಿಗುತ್ತಾರೆ. ಆ ಕೆಲಸ ಮಾತ್ರ ಇನ್ನೊಬ್ಬರಿಗೆ ಹೇಳಬಾರದು ಮೇಡಂ.”

ಆ ‘ಬಾರದು’ ಎಲ್ಲಿಂದ ಬಂತು ಎಂದು ಹಿಡಿದುಕೊಂಡು ಹೋದಾಗ ತಾಯಿಯ ಕೈ ಬಂತು. ತಾಯಿ ನೂಲು ಬಿಚ್ಚಾಣಿಕೆ ಘಟಕದಲ್ಲಿ ಕೂಲಿಗಿದ್ದವರು. ಬೇಸಿನ್ನಿನ ಬಿಸಿನೀರಿನಲ್ಲಿ ತೇಲುವ ಗೂಡುಗಳಿಂದ ಎಳೆಯ ತುದಿಯನ್ನು ಬೆರಳಿನಿಂದಲೇ ಹುಡುಕಿ ಹಿಡಿಯಬೇಕು, ಮುಗಿದ ಗೂಡಿನ ಜಾಗಕ್ಕೆ ಇನ್ನೊಂದನ್ನು ಜೋಡಿಸುತ್ತಲೇ ಇರಬೇಕು. ಬೆಳಗಿನಿಂದ ಸಂಜೆಯವರೆಗೆ ನೀರಿನಲ್ಲಿದ್ದ ಬೆರಳುಗಳು ಬಿಳಿಚಿಕೊಂಡು, ತುದಿಯ ಚರ್ಮ ಸುಲಿದು, ಸಾರಿನ ಖಾರ ತಗುಲಿದರೆ ಉರಿಯುತ್ತಿದ್ದವು. ಅಮ್ಮ ಅನ್ನವನ್ನು ಚಮಚದಲ್ಲಿ ತಿನ್ನುತ್ತಿದ್ದುದು ಯಾಕೆಂದು ಶಾಲೆಯಲ್ಲಿ ಒಬ್ಬಳು ಕೇಳಿದ್ದು, ಅವಮಾನವಾಗಿ ಸುಳ್ಳು ಹೇಳಿದ್ದು, ರಾತ್ರಿ ಅದೇ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿದ್ದು, ಇವೆಲ್ಲವನ್ನೂ ಆಕೆ ಒಂದೇ ಉಸಿರಿನಲ್ಲಿ ಹೇಳಿದರು. ತನ್ನ ಕೈಕೆಳಗೆ ಯಾರೂ ಬಿಸಿನೀರಿನಲ್ಲಿ ಕೈ ಅದ್ದಬಾರದು ಎಂದು ನಿಶ್ಚಯಿಸಿಯೇ ಈ ಉದ್ಯಮ ಶುರು ಮಾಡಿದ್ದರಂತೆ. ಪರಿಸರಸ್ನೇಹಿ ಎಂಬ ಮಾತಿಗೆ ಆಕೆಯ ಮಟ್ಟಿಗೆ ಮೊದಲಿನಿಂದಲೂ ಅರ್ಥ ಇದೇ. ಬಣ್ಣದ ವಿಷಯ ಆಮೇಲೆ ಸೇರಿಕೊಂಡದ್ದು.

ಒಂದು ಭೇಟಿಗೆ ತಾಯಿಯನ್ನು ಕರೆತರಬಹುದೇ ಎಂದು ಕೇಳಿದೆ. ಮನಸ್ಸಿಲ್ಲದ ಮನಸ್ಸಿನಿಂದ ಕರೆತಂದರು. ಎಪ್ಪತ್ತರ ಆಸುಪಾಸಿನ, ಗಟ್ಟಿ ದನಿಯ ಹೆಂಗಸು. ಮಗಳು ರಾತ್ರಿ ಹಂಡೆಯ ಮುಂದೆ ಕೂರುವುದು ಯಾಕೆ ಗೊತ್ತೇ ಎಂದು ಕೇಳಿದಾಗ ಅವರು ಹೇಳಿದ್ದನ್ನು ಹಾಗೆಯೇ ಬರೆದುಕೊಂಡಿದ್ದೇನೆ. “ನಾನು ಕೈ ಅದ್ದಿದ್ದು ಕೂಲಿಗೆ ತಾಯಿ. ವಾರಕ್ಕೊಂದು ಸಲ ದುಡ್ಡು ಎಣಿಸಿಕೊಳ್ಳುತ್ತಿದ್ದೆ. ಅದರಲ್ಲೇ ಇವಳನ್ನು ಓದಿಸಿದೆ. ಇವಳು ಪುಕ್ಕಟೆ ಅದ್ದುತ್ತಾಳೆ.” ಆಮೇಲೆ ನನ್ನ ಕೋಣೆಯ ಫ್ಯಾನು ಬಹಳ ಸದ್ದು ಮಾಡುತ್ತದೆ ಎಂದು ದೂರಿದರು.

ಆ ಮಾತಿನಿಂದ ಮಗಳ ಮನಸ್ಸು ಹಗುರಾಗಲಿಲ್ಲ, ಸಿಟ್ಟು ಬಂತು. ಇಷ್ಟು ವರ್ಷ ಯಾರಿಗಾಗಿ ಮಾಡಿದೆನೋ ಅವರೇ ಹೀಗೆ ಅಂದರಲ್ಲ ಎಂದು. ಸಿಟ್ಟನ್ನು ನಾನು ಸಮಾಧಾನ ಮಾಡಲು ಹೋಗಲಿಲ್ಲ. ಎದೆ ಹೊಡೆದುಕೊಳ್ಳುವುದಕ್ಕಿಂತ ಸಿಟ್ಟು ವಾಸಿ. ಅದಕ್ಕೊಂದು ದಿಕ್ಕು ಇರುತ್ತದೆ. ಅದರ ಮುಂದಿನ ಭೇಟಿಯಲ್ಲಿ ಕೆಲಸವನ್ನೇ ಬಿಡಿಸಿ ನೋಡಿದೆವು. ಬಿಚ್ಚಾಣಿಕೆಯಲ್ಲಿ ಬೆರಳು ನೀರಿಗೆ ಇಳಿಯಲೇಬೇಕಿತ್ತು. ಅಂಟು ತೆಗೆಯುವುದರಲ್ಲಿ ಹಾಗಿಲ್ಲ. ಲಡಿಗಳನ್ನು ಕೋಲಿಗೆ ನೇತುಹಾಕಿ ತಿರುವುತ್ತಿದ್ದರೆ ಸಾಕು. ಮತ್ತೆ ನಿಮ್ಮ ಬೆರಳು ಯಾಕೆ ಹೀಗಿದೆ ಎಂದೆ. ಅಂಟಿನ ಜಾರು ಹೋಯಿತೇ ಎಂದು ಮುಟ್ಟಿ ನೋಡುತ್ತಾರಂತೆ, ಆಗಾಗ, ನೀರು ಬಿಸಿ ಇರುವಾಗಲೇ. ತುಸು ನೂಲನ್ನು ಕೋಲಿನಿಂದ ಎತ್ತಿ ತಣ್ಣೀರಿನಲ್ಲಿ ಅದ್ದಿ ನೋಡಿದರೂ ಗೊತ್ತಾಗುತ್ತದೆ ಎಂದು ಆಕೆಯೇ ಹೇಳಿ ಸುಮ್ಮನಾದರು. ಕೈ ಅದ್ದುವ ಅಗತ್ಯವೇ ಇಲ್ಲದ ಕೆಲಸದಲ್ಲಿ ಆಕೆ ಕೈ ಅದ್ದುತ್ತಿದ್ದರು. ಇದನ್ನು ನಾನು ವಿವರಿಸಿ ಹೇಳಲಿಲ್ಲ, ಹೇಳಬೇಕಾಗಿ ಬರಲಿಲ್ಲ.

ಸಲಹೆಗೆ ಬರುತ್ತೇನೆ. ಬೇಯಿಸುವ ಕೆಲಸ ಹಗಲಿಗೆ ಬರಬೇಕು, ವಾರದಲ್ಲಿ ಗೊತ್ತಾದ ಎರಡು ದಿನ. ಕೂಲಿ ಕೊಟ್ಟು ಒಬ್ಬ ಸಹಾಯಕಿಯನ್ನು ಇಟ್ಟುಕೊಳ್ಳಬೇಕು. ಮೊಣಕೈವರೆಗಿನ ರಬ್ಬರ್ ಕೈಗವಸು, ಉದ್ದ ಕೋಲು, ಥರ್ಮಾಮೀಟರ್, ಹಬೆ ಹೊರಗೆ ಹೋಗಲು ಎತ್ತರದಲ್ಲೊಂದು ಕಿಂಡಿ. ಯಾರಿಗೂ ಆ ಕೆಲಸ ಹೇಳಬಾರದು ಎನ್ನುವುದಕ್ಕಿಂತ ಆ ಕೆಲಸದಿಂದ ಯಾರ ಕೈಯೂ ಕೆಡಬಾರದು ಎಂದುಕೊಳ್ಳಲು ಆಗುತ್ತದೆಯೇ ನೋಡಿ ಎಂದೆ. ಈ ಖರ್ಚೆಲ್ಲ ಪುಸ್ತಕಕ್ಕೆ ಬರಬೇಕು, ಆಕೆ ಹಂಡೆಯ ಮುಂದೆ ನಿಂತ ಗಂಟೆಗಳಿಗೂ ಕೂಲಿ ಬರೆಯಬೇಕು, ಹಣ ಕೈಗೆ ಬರಲಿ ಬಾರದಿರಲಿ. ಹೊಸ ದರ ಆ ಮೊತ್ತದಿಂದಲೇ ಹುಟ್ಟಬೇಕು. ಬಳೆ ಅಡವಿಟ್ಟದ್ದನ್ನು ಗಂಡನಿಗೆ ತಿಳಿಸಿ ಎಂದೂ ಹೇಳಿದೆ. ತಿಳಿಸಿದರು. ಆ ಮಾತುಕತೆಯ ವಿವರ ನಾನು ಕೇಳಲಿಲ್ಲ.

ದರ ಏರಿಸಿದರೆ ಗಿರಾಕಿಗಳು ಕಡಿಮೆಯಾಗಿ ಮಗ್ಗ ನಿಂತರೆ ನೇಕಾರರ ಗತಿ ಏನು ಎಂಬ ಹೆದರಿಕೆ ಇತ್ತು. ಸುಳ್ಳು ಹೆದರಿಕೆ ಎಂದು ನಾನು ಹೇಳಲಾರೆ. ಸೀರೆ ನೇಯುತ್ತಿದ್ದು, ವಿದ್ಯುತ್ ಮಗ್ಗದ ಮುಂದೆ ಕೂಲಿ ಗಿಟ್ಟದೆ ಆಕೆಯ ಬಳಿಗೆ ಬಂದವರು ಅವರು. ಹಿರಿಯ ನೇಕಾರರೊಂದಿಗೆ ಪುಸ್ತಕ ಬಿಚ್ಚಿ ಕೂರಿ, ಮುಚ್ಚಿಡಬೇಡಿ ಎಂದಷ್ಟೇ ಹೇಳಿದೆ. ಅವರು ಹಾಸಿನ, ಅಂದರೆ ಉದ್ದಕ್ಕೆ ಹಾಯುವ, ಎಳೆಗಳ ಒತ್ತು ಕಡಿಮೆ ಮಾಡಿ ಹೊಕ್ಕಿಗೆ, ಅಂದರೆ ಅಡ್ಡಕ್ಕೆ ಹಾಯುವ ಎಳೆಗೆ, ದಪ್ಪ ನೂಲು ಹಾಕಿದರೆ ಪರದೆ ಬಟ್ಟೆ ಮಗ್ಗದಿಂದ ಬೇಗ ಇಳಿಯುತ್ತದೆ, ಇಳಿಬೀಳುವುದೂ ಚೆನ್ನಾಗಿರುತ್ತದೆ ಎಂದು ಒಂದು ದಾರಿ ತೋರಿಸಿದರಂತೆ. ಯಾವ ಆಪ್ತಸಲಹೆಗಾರರಿಗೂ ಹೊಳೆಯುವ ಉಪಾಯವಲ್ಲ.

ಇನ್ನೊಂದು ಮುಳ್ಳು ಮೂರನೆಯ ಭೇಟಿಯವರೆಗೂ ಹೊರಬಂದಿರಲಿಲ್ಲ. ಆ 200 ಕವರುಗಳ ಮೇಲೆ ನಗರದ ಅಂಗಡಿಯವರು ‘ಅಹಿಂಸಾ ರೇಷ್ಮೆ’ ಎಂಬ ಚೀಟಿ ಅಂಟಿಸಿ ಮಾರುತ್ತಿದ್ದರು. ಆಕೆ ಬಳಸುವುದು ಮಾಮೂಲಿ ಹಿಪ್ಪುನೇರಳೆ ರೇಷ್ಮೆ. ಚಿಟ್ಟೆ ಗೂಡನ್ನು ಸೀಳಿ ಹೊರಬಂದರೆ ನೂರಾರು ಮೀಟರಿನ ಒಂದೇ ಎಳೆ ಅಲ್ಲಲ್ಲಿ ಕಡಿದುಹೋಗುತ್ತದೆ. ಆದ್ದರಿಂದಲೇ ಬಿಚ್ಚುವ ಮೊದಲು ಒಳಗಿನ ಹುಳವನ್ನು ಶಾಖದಿಂದ ಸಾಯಿಸುತ್ತಾರೆ. ಚಿಟ್ಟೆ ಹೊರಬಂದ ಗೂಡಿನಿಂದಲೂ ರೇಷ್ಮೆ ಮಾಡಬಹುದು, ಅದನ್ನು ಹತ್ತಿಯಂತೆ ಹಿಂಜಿ ನೂಲಬೇಕು. ಅಸ್ಸಾಮಿನ ಎರಿ ರೇಷ್ಮೆಯ ಗೂಡಿನ ಬಾಯಿ ತೆರೆದೇ ಇರುತ್ತದೆ, ಅದನ್ನೂ ಹಾಗೆಯೇ ನೂಲುತ್ತಾರೆ. ಅಲ್ಲಿಯೂ ಒಳಗಿನ ಹುಳವನ್ನು ತಿನ್ನುವ ಜನರಿದ್ದಾರೆ, ಆದ್ದರಿಂದ ಎರಿ ಎಂದ ಮಾತ್ರಕ್ಕೆ ಅಹಿಂಸೆ ಎನ್ನಲು ಬರುವುದಿಲ್ಲ. “ಬೇಸಿನ್ನಿನ ಪಕ್ಕದಲ್ಲೇ ಬೆಳೆದವಳು ನಾನು. ಆ ವಾಸನೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಚೀಟಿ ನೋಡಿಯೂ ಸುಮ್ಮನಿದ್ದೆ” ಎಂದು ಅತ್ತರು. ಆ ಅಂಗಡಿಯವರು ಕೊಡಬೇಕಿದ್ದ ಬಾಕಿ ಹಣ ಕೇಳುವಾಗ ಆಕೆಯ ದನಿ ಅಡಗುತ್ತಿದ್ದುದು ಇದೇ ಕಾರಣಕ್ಕೆ ಎಂದು ನನಗೆ ಅನ್ನಿಸಿತು. ತಪ್ಪಿನಲ್ಲಿ ಪಾಲಿದೆ ಎಂದುಕೊಂಡವರಿಗೆ ಬಾಕಿ ಕೇಳಲು ಬಾಯಿ ಬರುವುದಿಲ್ಲ.

ಹೀಗಾಗಿ ಮೊದಲು ಚೀಟಿಯ ಪತ್ರ, ಆಮೇಲೆ ಬಾಕಿಯ ಪತ್ರ ಎಂದು ಕ್ರಮ ಹಾಕಿಕೊಂಡೆವು. ಮೊದಲ ಪತ್ರದಲ್ಲಿ ಇದು ಹಿಪ್ಪುನೇರಳೆ ರೇಷ್ಮೆ, ಕೈಮಗ್ಗದ್ದು, ಇಂತಿಂಥ ಬಣ್ಣಗಳು ಇಂತಿಂಥ ಮೂಲದವು, ‘ಅಹಿಂಸಾ’ ಎಂಬ ಪದ ತೆಗೆಯಿರಿ ಎಂದಿಷ್ಟೇ. ಆಧಾರವಿಲ್ಲದೆ ಪರಿಸರದ ಹೆಸರಿನಲ್ಲಿ ದೊಡ್ಡ ಮಾತು ಬರೆಯುವುದರ ವಿರುದ್ಧ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರಲ್ಲಿ ಮಾರ್ಗಸೂಚಿ ಹೊರಡಿಸಿದೆ ಎಂಬ ಒಂದು ಸಾಲು ಸೇರಿತು. ಚೀಟಿ ಬದಲಾಯಿತು. ತಮ್ಮದೇ ಚೀಟಿಯಲ್ಲೂ ಆಕೆ ಒಂದು ಮಾತು ಸೇರಿಸಿದರು: ನೇರ ಬಿಸಿಲಿಗೆ ಈ ಬಣ್ಣ ಮಾಸುತ್ತದೆ, ಪರದೆಗೆ ಒಳಮೈ ಬಟ್ಟೆ ಹಾಕಿಸಿಕೊಳ್ಳಿ. ಪಶ್ಚಿಮದ ಕಿಟಕಿಯ ಪರದೆ ಮಾಸಿತೆಂದು ಗಿರಾಕಿಯೊಬ್ಬರು ಗದರಿದಾಗ ಹಣವನ್ನೆಲ್ಲ ಹಿಂದಿರುಗಿಸಿ ಪರದೆಯನ್ನೂ ಅವರಿಗೇ ಬಿಟ್ಟುಬಂದಿದ್ದರು. ಅಂಥದ್ದು ಮತ್ತೆ ಬೇಡ ಎಂದು.

ಬಾಕಿಗೆ ಕಾನೂನು ಆಕೆಯ ಕಡೆಗಿತ್ತು. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಮೊದಲೇ ಆಗಿತ್ತು. 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ (ಎಂಎಸ್‌ಎಂಇ) ಅಭಿವೃದ್ಧಿ ಕಾಯ್ದೆಯಂತೆ ಕಿರು ಮತ್ತು ಸಣ್ಣ ಉದ್ಯಮದಿಂದ ಸರಕು ಕೊಂಡವರು, ಕರಾರಿನಲ್ಲಿ ಏನೇ ಬರೆದಿರಲಿ, 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸರ್ಕಾರದ ಜಾಲತಾಣದಲ್ಲಿ ದೂರು ಕೊಡಬಹುದು. ಇಷ್ಟು ತಿಳಿದಿದ್ದರೂ ಫೋನು ಎತ್ತಿದರೆ ಆಕೆಯ ಬಾಯಿಂದ ಬರುತ್ತಿದ್ದ ಮೊದಲ ಮಾತು “ಕ್ಷಮಿಸಿ, ತೊಂದರೆ ಕೊಡುತ್ತಿದ್ದೇನೆ.” ನನ್ನ ಕೋಣೆಯಲ್ಲಿ ನಾನೇ ಅಂಗಡಿಯವಳಾಗಿ ಕೂತು ಅಭ್ಯಾಸ ಮಾಡಿಸಿದೆ. ಬಿಲ್ ಸಂಖ್ಯೆ, ತಾರೀಖು, ಮೊತ್ತ, ಯಾವತ್ತು ಕೊಡುತ್ತೀರಿ. ಅಷ್ಟು ಹೇಳಿ ಬಾಯಿ ಮುಚ್ಚಬೇಕು. ಮೊತ್ತದವರೆಗೆ ಚೆನ್ನಾಗಿ ಬರುತ್ತಿತ್ತು. ಆಮೇಲಿನ ಮೌನ ತಡೆಯಲಾರದೆ “ನಿಮಗೆ ಅನುಕೂಲವಾದಾಗ ಕೊಡಿ” ಎಂದು ತಾವೇ ಸೇರಿಸಿಬಿಡುತ್ತಿದ್ದರು. ಕೊನೆಗೆ ಮಾತು ಮುಗಿದ ಕೂಡಲೇ ಒಂದು ಗುಟುಕು ನೀರು ಕುಡಿಯುವುದೆಂದು ಗೊತ್ತುಮಾಡಿಕೊಂಡೆವು. ನೀರು ಬಾಯಲ್ಲಿರುವಾಗ ರಿಯಾಯಿತಿ ಕೊಡಲು ಆಗುವುದಿಲ್ಲ.

ಈಗಿನ ಸ್ಥಿತಿ: ಅಂಗಡಿಯವರು ಎರಡು ಕಂತು ಕೊಟ್ಟಿದ್ದಾರೆ, ಮೂರನೆಯದಕ್ಕೆ ಸತಾಯಿಸುತ್ತಿದ್ದಾರೆ. ದೂರು ಕೊಡುವುದೋ ಬಿಡುವುದೋ ಆಕೆ ನಿರ್ಧರಿಸಿಲ್ಲ. ದರ ಏರಿಸಿದಾಗ ಒಬ್ಬ ದೊಡ್ಡ ಗಿರಾಕಿ ಬಿಟ್ಟುಹೋದರು, ಒಂದು ಮಗ್ಗ ಕೆಲವು ವಾರ ಖಾಲಿ ಇತ್ತು, ಈಗ ಅದರ ಮೇಲೆ ಪರದೆಯ ಬಟ್ಟೆ ಇದೆ. ನಿದ್ದೆ ಸುಧಾರಿಸಿದೆ. ಸಹಾಯಕಿ ವಾರಕ್ಕೆರಡು ದಿನ ಬರುತ್ತಾರೆ. ಅರಗಿನ ಕೆಂಪು ಬಣ್ಣವನ್ನು ಮಾತ್ರ ಆಕೆ ಇನ್ನೂ ಯಾರ ಕೈಗೂ ಬಿಟ್ಟಿಲ್ಲ. ನೀರು ಒಂದಿಷ್ಟು ಹೆಚ್ಚು ಕುದಿದರೂ ರೇಷ್ಮೆಯ ಹೊಳಪು ಹೋಗುತ್ತದೆ ಎನ್ನುವುದು ಕಾರಣ. ಅದಕ್ಕೆ ನನ್ನ ಆಕ್ಷೇಪವಿಲ್ಲ. ಆ ಗಂಟೆಗಳ ಕೂಲಿ ಪುಸ್ತಕಕ್ಕೆ ಬರುತ್ತಿದೆಯೇ ಎಂದಷ್ಟೇ ಕೇಳಿದೆ. ಬರುತ್ತಿದೆಯಂತೆ, ಸಹಾಯಕಿಯ ಕೂಲಿಗಿಂತ ಕಡಿಮೆ ದರದಲ್ಲಿ. ಅದನ್ನು ಮುಂದಿನ ಭೇಟಿಗೆ ಇಟ್ಟುಕೊಂಡಿದ್ದೇವೆ.