ಹಂತ ಗೊತ್ತಿದ್ದರೂ ಸಮೀಕರಣದ ಉತ್ತರ ಯಾಕೆ ತಪ್ಪುತ್ತದೆ?

10ನೇ ತರಗತಿಯ ಮಗಳಿಗೆ ವರ್ಜಿಸುವ ವಿಧಾನದ (ಎರಡು ಸಮೀಕರಣಗಳಿಂದ ಒಂದು ಅಕ್ಷರವನ್ನು ತೆಗೆದುಹಾಕಿ ಬಿಡಿಸುವುದು) ಹಂತಗಳೆಲ್ಲ ಗೊತ್ತು, ಆದರೂ ಉತ್ತರ ತಪ್ಪುತ್ತದೆ ಎಂದು ಕೇಳಿದ್ದೀರಿ. ವಿಧಾನ ಬದಲಿಸಬೇಡಿ ಮೇಡಂ. ಕಳೆಯುವ ಸಾಲನ್ನು ನೋಡಿ, ಬಹುಪಾಲು ತಪ್ಪು ಅಲ್ಲೇ ಇರುತ್ತದೆ. (ಎಕ್ಸ್, ವೈ ಬದಲು ಇಲ್ಲಿ ಅ, ಬ ಎಂದು ಬರೆದಿದ್ದೇನೆ.)

3ಅ − 2ಬ = 5
4ಅ − 5ಬ = 2

ಮೊದಲನೆಯದನ್ನು 4ರಿಂದ, ಎರಡನೆಯದನ್ನು 3ರಿಂದ ಗುಣಿಸಿದರೆ 12ಅ − 8ಬ = 20, 12ಅ − 15ಬ = 6. ಈಗ ಕಳೆಯುವಾಗ −8ಬ − (−15ಬ) ಅಂದರೆ 7ಬ ಬರಬೇಕು. ಮಕ್ಕಳು ಆವರಣ ಹಾಕದೆ −23ಬ ಎಂದು ಬರೆದುಬಿಡುತ್ತಾರೆ. ಅ ಹೇಗೂ ಹೋಗಿರುತ್ತದೆ, ಹಾಗಾಗಿ ಅನುಮಾನವೇ ಬರುವುದಿಲ್ಲ. ಇದಕ್ಕೆ ಮದ್ದು, ಕಳೆಯುವುದನ್ನೇ ಬಿಡುವುದು. ಎರಡನೆಯದನ್ನು −3ರಿಂದ ಗುಣಿಸಿ −12ಅ + 15ಬ = −6 ಮಾಡಿಕೊಂಡು ಕೂಡಲಿ. 7ಬ = 14, ಬ = 2. ಗುಣಿಸುವಾಗ ಬಲಗಡೆಯ 5, 2 ಹಾಗೇ ಉಳಿದುಬಿಡುವುದೂ ಉಂಟು, ಅದನ್ನೂ ಗಮನಿಸಿ.

ಮೊದಲ ಸಮೀಕರಣದಲ್ಲಿ ಬ = 2 ಹಾಕಿದರೆ ಅ = 3. ತಾಳೆ ನೋಡುವುದು ಮಾತ್ರ ಎರಡನೆಯದರಲ್ಲಿ: 12 − 10 = 2, ಸರಿ. ಅ ಕಂಡುಹಿಡಿದ ಸಮೀಕರಣದಲ್ಲೇ ತಾಳೆ ನೋಡಿದರೆ ಬ ತಪ್ಪಿದ್ದರೂ ಸರಿ ಎಂದೇ ತೋರಿಸುತ್ತದೆ. ಈ ಒಂದು ಅಭ್ಯಾಸ ದಯವಿಟ್ಟು ಮಾಡಿಸಿ.

ಅ, ಬ ಎಂಬ ಎರಡು ಚರಾಕ್ಷರಗಳೂ ಒಟ್ಟಿಗೆ ಮಾಯವಾದರೆ ಗಾಬರಿ ಬೇಡ. ದರ್ಶಿನಿಯಲ್ಲಿ 2 ದೋಸೆ, 1 ಕಾಫಿಗೆ 145 ರೂಪಾಯಿ; ಪಕ್ಕದವರ 4 ದೋಸೆ, 2 ಕಾಫಿಗೆ 290 ರೂಪಾಯಿ ಎನ್ನಿ. ಎರಡನೇ ಬಿಲ್ಲು ಹೊಸದೇನೂ ಹೇಳಲಿಲ್ಲ; 0 = 0 ಬರುತ್ತದೆ, ಪರಿಹಾರಗಳು ಅಪರಿಮಿತ. ಅದೇ 300 ಎಂದಿದ್ದರೆ 0 = 10; ಎರಡೂ ಬಿಲ್ಲಿಗೆ ಹೊಂದುವ ದರವೇ ಇಲ್ಲ, ಪರಿಹಾರವಿಲ್ಲ.

ಎರಡು ಸಮೀಕರಣಗಳಲ್ಲಿ ಸಹಗುಣಕಗಳು (ಅ, ಬಗಳ ಮುಂದಿನ ಸಂಖ್ಯೆಗಳು) ಅದಲುಬದಲಾಗಿದ್ದರೆ ಗುಣಿಸುವ ಶ್ರಮವೂ ಬೇಡ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರ ಗಣಿತಸಾರಸಂಗ್ರಹದಲ್ಲೇ ಇಂಥ ಲೆಕ್ಕವಿದೆ: 9 ಮಾದಳ, 7 ಬೇಲದ ಹಣ್ಣಿನ ಬೆಲೆ 107, 7 ಮಾದಳ, 9 ಬೇಲಕ್ಕೆ 101. ಮಾದಳದ ಬೆಲೆ ಅ, ಬೇಲದ್ದು ಬ ಎನ್ನಿ. ಕೂಡಿ 16ರಿಂದ ಭಾಗಿಸಿದರೆ ಅ + ಬ = 13. ಕಳೆದು 2ರಿಂದ ಭಾಗಿಸಿದರೆ ಅ − ಬ = 3. ಮಾದಳ 8, ಬೇಲ 5. ಇವತ್ತು ಸಂಜೆ ಮಗಳಿಗೆ ಇದೊಂದನ್ನು ಕೊಟ್ಟು ನೋಡಿ, ಬಾಯಲ್ಲೇ ಬಿಡಿಸುತ್ತಾಳೆ.